ಹಂದಿಯ ಪ್ರಯಾಣ ಮತ್ತು ನಮ್ಮ ಅಡಿಗೆಮನೆ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು, ರಜೆ, ಖೋಲಿಯ ಬಾಡಿಗೆ ಇವನ್ನೆಲ್ಲ ಬಿಟ್ಟು ಹಂದಿಯ ಮಾತೇಕೆ ಎಂದು ಕೆಲವರು ನಗಬಹುದು. ನಮ್ಮಲ್ಲಿ ಅದನ್ನು ಮುಟ್ಟದವರು ಬಹಳ ಜನ. ಅವರ ನಂಬಿಕೆಗೆ ನಮ್ಮ ಗೌರವವಿದೆ. ಕೊಡಗಿನವರಿಗೂ ಮಂಗಳೂರಿನ ಕ್ರೈಸ್ತ ಬಂಧುಗಳಿಗೂ ಅದು ಹಬ್ಬದ ಊಟ. ತಿನ್ನಲಿ, ಬಿಡಲಿ, ಹಂದಿಯನ್ನು ಲಾರಿಗೆ ಹತ್ತಿಸುವವನು, ಕಡಿಯುವವನು, ಬೇಯಿಸುವವನು ಕೆಲಸಗಾರನೇ. ಆದುದರಿಂದ ಇದು ನಮ್ಮ ವಿಷಯವೇ ಹೌದು.

ವಿಶಾಖಪಟ್ಟಣದಿಂದ ವಿಜಯವಾಡದ ದಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತುನಿ, ರಾಜಮಹೇಂದ್ರಿ, ಏಲೂರು ದಾಟಿ ಸುಮಾರು 350 ಕಿಲೋಮೀಟರು. ವಿಜಯವಾಡಕ್ಕೆ ಮುಂಚೆ ಸಿಗುವ ಗನ್ನವರದಲ್ಲಿ ಈಗ ಪಶುವೈದ್ಯ ಕಾಲೇಜಿದೆ. 1960ರ ದಶಕದಲ್ಲಿ ಸರಕಾರ ದೇಶದ ಕೆಲವು ಕಡೆ ಬೇಕನ್ ಕಾರ್ಖಾನೆಗಳನ್ನು ತೆರೆದಾಗ ಗನ್ನವರಕ್ಕೂ ಒಂದು ಬಂದಿತು, ಮುಂಬಯಿಯ ಬೋರಿವಲಿಗೂ ಒಂದು ಬಂದಿತು. ಬೇಸಿಗೆಯಲ್ಲಿ ವಿಜಯವಾಡದ ಬಿಸಿಲು 45 ಡಿಗ್ರಿ ಮುಟ್ಟುವುದುಂಟು. ಆ ಬಿಸಿಲಲ್ಲಿ ತುಂಬಿದ ಲಾರಿಯ ಸ್ಥಿತಿಯನ್ನು ಊಹಿಸಿರಿ.

ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಹಂದಿಗೆ ಇಲ್ಲವೆನ್ನುವಷ್ಟು ಕಡಮೆ. ಅದು ಕೆಸರಿನಲ್ಲಿ ಹೊರಳುವುದು ತಂಪಿಗಾಗಿ. ಬಾಯ್ಲರಿನ ಹತ್ತಿರ, ಒಲೆಯ ಮುಂದೆ ನಿಲ್ಲುವ ನಮ್ಮನ್ನು ಬೆವರಾದರೂ ಕಾಯುತ್ತದೆ; ಹಂದಿಗೆ ಅದೂ ಇಲ್ಲ. ಲಾರಿ ಓಡುತ್ತಿದ್ದರೆ ಗಾಳಿಯಾದರೂ ಆಡುತ್ತದೆ. ಚಹಾಕ್ಕೆಂದು ಬಿಸಿಲಲ್ಲಿ ನಿಲ್ಲಿಸಿದರೆ ಅದೇ ಲಾರಿ ಕುಲುಮೆಯಾಗುತ್ತದೆ. ಹಂದಿಗಳು ಬಾಯಿ ತೆರೆದು ಏದುತ್ತವೆ, ಕೆಲವು ಸಾಯುತ್ತವೆ.

ಬದುಕಿ ಬಂದವುಗಳ ಮಾಂಸವೂ ಕೆಡುತ್ತದೆ. ಇದಕ್ಕೆ ಕಾರಣವಿದೆ. ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಪ್ರಾಣಿ ಸತ್ತ ಮೇಲೆ ಅದು ನಿಧಾನವಾಗಿ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ದೋಸೆ ಹಿಟ್ಟಿನ ಹುಳಿಗೆ ಹದವಿರುವಂತೆ ಇದಕ್ಕೂ ಹದವಿದೆ. ಬದುಕಿದ್ದಾಗ ಸುಮಾರು 7 ಇರುವ ಪಿಎಚ್ ಒಂದು ದಿನದೊಳಗೆ 5.5ರ ಆಸುಪಾಸಿಗೆ ಇಳಿಯಬೇಕು.

ಹಂದಿಯನ್ನು ಇಳಿಸಿದೊಡನೆ ಹೊಡೆದು ಬೆದರಿಸಿ ಕಡಿಯಲು ಒಯ್ದರೆ, ಮೈಯ ಕಾವು ಆರುವ ಮೊದಲೇ ಹುಳಿ ಏರಿಬಿಡುತ್ತದೆ. ಮಾಂಸ ಬಿಳಿಚಿಕೊಂಡು, ಮೆತ್ತಗಾಗಿ, ನೀರು ಸೋರುತ್ತದೆ. ರಾತ್ರಿಯೆಲ್ಲ ಹಸಿವು, ನೂಕಾಟ, ಅಪರಿಚಿತ ಹಂದಿಗಳೊಡನೆ ಕಚ್ಚಾಟ ನಡೆದರೆ ದಾಸ್ತಾನೇ ಬರಿದಾಗುತ್ತದೆ. ಆಗ ಪಿಎಚ್ 6ರ ಮೇಲೆಯೇ ನಿಲ್ಲುತ್ತದೆ. ಮಾಂಸ ಕಪ್ಪಾಗಿ ಬಿಗಿದು ಬೇಗ ಹಳಸುತ್ತದೆ. ಕೋಲಿನ ಏಟು ಬಿದ್ದಲ್ಲಿ ರಕ್ತ ಕಟ್ಟಿದ ತುಂಡನ್ನು ಕೊಯ್ದು ಎಸೆಯಬೇಕು.

ಇದರ ನಷ್ಟ ಯಾರ ತಲೆಗೆ? ನೀರು ಸೋರಿದ ಮಾಂಸ ಬೆಂದಾಗ ಕುಗ್ಗುತ್ತದೆ, ತಟ್ಟೆ ತುಂಬುವುದಿಲ್ಲ. ಯಜಮಾನರು ಅಡಿಗೆಯವನನ್ನು ಕರೆದು "ಉರಿ ಹೆಚ್ಚು ಮಾಡಿದೆ, ಮಾಂಸ ಕದ್ದೆ" ಎನ್ನುತ್ತಾರೆ. ತಪ್ಪು ನಡೆದದ್ದು ಹೆದ್ದಾರಿಯಲ್ಲಿ, ಬೈಗುಳ ಬಿದ್ದದ್ದು ಒಲೆಯ ಬಳಿ!

ಕಾನೂನು ಇದೆ. ಪ್ರಾಣಿಗಳಿಗೆ ಅನಾವಶ್ಯಕ ಹಿಂಸೆಯಾಗುವಂತೆ ಸಾಗಿಸುವುದು 1960ರ ಕಾಯಿದೆಯಂತೆ ಅಪರಾಧ. ಮೊದಲ ತಪ್ಪಿಗೆ ಆ ಕಾಯಿದೆ ಬರೆದ ದಂಡ 10ರಿಂದ 50 ರೂಪಾಯಿ. ಪ್ರಾಣಿ ಸಾಗಣೆಯ ನಿಯಮಗಳು 1978ರಲ್ಲಿ ಬಂದವು. 2001ರಲ್ಲಿ ಹಂದಿಗಳಿಗೂ ಅದರಲ್ಲಿ ಅಧ್ಯಾಯ ಸೇರಿತು. 2015ರ ಮೋಟಾರು ವಾಹನ ನಿಯಮದಂತೆ ಒಂದು ಹಂದಿಗೆ 0.6 ಚದರ ಮೀಟರು, ಅಂದರೆ ಸುಮಾರು ಆರೂವರೆ ಚದರ ಅಡಿ ಜಾಗ ಬೇಕು. 18 ಅಡಿ ಉದ್ದ, 7 ಅಡಿ ಅಗಲದ ಲಾರಿಗೆ ಲೆಕ್ಕ ಹಾಕಿರಿ: 19 ಹಂದಿ. ಇಮ್ಮಡಿ ತುಂಬಿಸುವವನು ಮಾಲೀಕ. ದಾರಿಯಲ್ಲಿ ಪೋಲೀಸರ ಕೈಗೆ ಸಿಗುವವರು ಡ್ರೈವರು ಮತ್ತು ಕ್ಲೀನರು.

ಹಾಗಾದರೆ ಮಾಡಬೇಕಾದ್ದೇನು? ತಂಪು ಹೊತ್ತಿನಲ್ಲಿ, ರಾತ್ರಿ ಅಥವಾ ಬೆಳಗಿನ ಜಾವ ಸಾಗಿಸಬೇಕು. ಹೊರಡುವ ಮುನ್ನ ಹೊಟ್ಟೆ ತುಂಬ ತಿನ್ನಿಸಬಾರದು, ಓಡುವ ಗಾಡಿಯಲ್ಲಿ ಹಂದಿಗೆ ವಾಂತಿಯಾಗುತ್ತದೆ. ನೀರನ್ನು ಮಾತ್ರ ತಪ್ಪಿಸಬಾರದು. ಒಂದು ಗುಂಪನ್ನು ಇನ್ನೊಂದರೊಡನೆ ಬೆರೆಸಬಾರದು. ಮೇಲೆ ನೆರಳು, ಕೆಳಗೆ ಜಾರದ ನೆಲ, ಹತ್ತಿಳಿಯಲು ಕಡಿದಲ್ಲದ ಹಲಗೆ ಬೇಕು. ಇಳಿಸಿದ ಮೇಲೆ ಎರಡು ಮೂರು ತಾಸು ನೀರು ಕೊಟ್ಟು, ಮೈ ತೋಯಿಸಿ, ಮಲಗಲು ಬಿಡಬೇಕು.

ಇವಕ್ಕೆ ದೊಡ್ಡ ಯಂತ್ರ ಬೇಡ, ಸಮಯ ಬೇಕು. ಸಮಯ ಕೊಡಬೇಕಾದರೆ ಡ್ರೈವರಿಗೂ ಹಮಾಲರಿಗೂ ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಕೊಡುವುದು ನಿಲ್ಲಬೇಕು. ಟ್ರಿಪ್ಪಿಗೆ ಓಡುವವನು ಹಂದಿಯನ್ನು ಹೊಡೆಯದೆ ಇಳಿಸಲಾರ. ಅವನ ಬೆನ್ನ ಮೇಲೂ ಕೋಲಿದೆ. ಆದುದರಿಂದ ನಮ್ಮ ಬೇಡಿಕೆ ಒಂದೇ ವಾಕ್ಯದ್ದು: ಸಾಗಣೆಯವರಿಗೆ ದಿನದ ಸಂಬಳ, ಪ್ರಾಣಿಗೆ ನಿಯಮದ ಜಾಗ, ಕೆಟ್ಟ ಮಾಂಸ ಬಂದರೆ ಅಡಿಗೆಯವನು ಅದನ್ನು ಹಿಂದಿರುಗಿಸುವ ಹಕ್ಕು. ಇದನ್ನು ಠರಾವಾಗಿ ಅಂಗೀಕರಿಸಬೇಕೆಂದು ಸಭೆಯನ್ನು ಕೇಳಿಕೊಳ್ಳುತ್ತೇವೆ.