ಊರು ನೋಡುವ ಬಗೆ
(ಬಾನುಲಿ ಭಾಷಣ)



ಕಳೆದ ದಸರಾ ರಜೆಯಲ್ಲಿ ನಾನು ಸಕುಟುಂಬನಾಗಿ ಬೆಂಗಳೂರಿಗೆ ಹೋಗಿ, ಎರಡು ರಾತ್ರಿ ಇದ್ದು, ಊರು ನೋಡಿಕೊಂಡು ಬಂದೆ. ಇದೇನು ಮಹಾಯಾತ್ರೆಯೇ ಎಂದು ನೀವು ಕೇಳಬಹುದು. ನಾನಿರುವ ಹಾಸನದಿಂದ ದಿನವೂ ಎಷ್ಟೋ ಮಂದಿ ಆ ನಗರಕ್ಕೆ ಹೋಗಿ ಬರುತ್ತಾರೆ. ಆದರೆ ಅವರೆಲ್ಲ ಕಚೇರಿಗೋ ಆಸ್ಪತ್ರೆಗೋ ಮದುವೆಗೋ ಹೋಗುವವರು. ಊರನ್ನು ನೋಡುವುದಕ್ಕೆಂದೇ, ಅದೂ ಬಾಡಿಗೆ ಕಾರಿಲ್ಲದೆ, ನೆಂಟರ ಮನೆಯ ಊಟವಿಲ್ಲದೆ ಹೋಗುವುದು ಬೇರೆಯ ಮಾತು. ಅದಕ್ಕೊಂದು ಸಿದ್ಧತೆ ಬೇಕು. ಆ ಸಿದ್ಧತೆಯಲ್ಲಿ ನಾನು ಕಲಿತ ಪಾಠವನ್ನು ತಮ್ಮ ಮುಂದಿಡಬೇಕೆಂಬುದೇ ಈ ಭಾಷಣದ ಉದ್ದೇಶ.

ನಾವು ಹೊರಟವರು ಐವರು. ನಾನು, ಎರಡು ಮೊಣಕಾಲೂ ನೋಯುವ ನನ್ನ ಹೆಂಡತಿ, ನಮ್ಮೂರಿನಲ್ಲಿಯೇ ಅಧ್ಯಾಪಕಿಯಾಗಿರುವ ಮಗಳು, ಹನ್ನೆರಡು ವರ್ಷದ ಮೊಮ್ಮಗಳು, ಏಳು ವರ್ಷದ ಮೊಮ್ಮಗ. ಅಳಿಯನಿಗೆ ರಜೆ ದೊರೆಯಲಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ವೇಳಾಪಟ್ಟಿ ಹಾಕಿದ ಕೈ ನನ್ನದು. ಒಂದು ಹಾಳೆ ತೆಗೆದುಕೊಂಡು, ಗೆರೆ ಎಳೆದು, ಮೂರು ದಿನಕ್ಕೆ ಹದಿನಾಲ್ಕು ಸ್ಥಳಗಳನ್ನು ಗಂಟೆ ನಿಮಿಷಗಳ ಸಮೇತ ತುಂಬಿದೆ. ಅದನ್ನು ಹೆಮ್ಮೆಯಿಂದ ಮನೆಯವರ ಮುಂದೆ ಓದಿದೆ.

ನನ್ನಾಕೆ ಕೊನೆಯವರೆಗೂ ಕೇಳಿ, "ಇದರಲ್ಲಿ ಕೂತುಕೊಳ್ಳೋದು ಎಲ್ಲಿ ಬರೆದಿದ್ದೀರಿ?" ಎಂದಳು. ಮಗಳು ನಗಲಿಲ್ಲ. "ಅಪ್ಪ, ನಾನು ಎಂಟು ವರ್ಷದವಳಿದ್ದಾಗ ಬೆಂಗಳೂರು ತೋರಿಸಿದಿರಲ್ಲ, ಅದರಲ್ಲಿ ಲಾಲ್‌ಬಾಗ್ ನನಗೆ ನೆನಪಿಲ್ಲ. ನಿಮ್ಮ ಕೈಗಡಿಯಾರ ನೆನಪಿದೆ" ಎಂದಳು.

ಅದು 1994ರ ಮಾತು. ಆಗಲೂ ನಾನೊಂದು ಪಟ್ಟಿ ಮಾಡಿದ್ದೆ. ದಾರಿಯುದ್ದಕ್ಕೂ ಹೊಗಳಿಕೊಂಡು ಕರೆದೊಯ್ದ ಹೋಟೆಲಿಗೆ ಅಂದು ವಾರದ ರಜೆ. ವಿಚಾರಿಸಿಕೊಳ್ಳದೆ ಹೋದವನು ನಾನು. ಹಸಿದ ಮಗುವನ್ನು ಎಳೆದುಕೊಂಡು ಬಸ್ಸಿಗೆ ಓಡಿದೆ. ನಗರದ ಬಸ್ಸಿನಲ್ಲಿ ಹೆಂಗಸರು ಮುಂದಿನ ಬಾಗಿಲಿನಿಂದ, ಗಂಡಸರು ಹಿಂದಿನ ಬಾಗಿಲಿನಿಂದ ಹತ್ತುವುದು ವಾಡಿಕೆ. ಹೆಂಡತಿ ಮುಂದೆ ಹತ್ತಿದಳು. ಮಗಳನ್ನೆತ್ತಿಕೊಂಡು ನಾನು ಹಿಂದೆ ಹತ್ತಿದೆ. ಇಳಿಯುವಲ್ಲಿ ನಾನು ಇಳಿದೆ. ಆ ನೂಕುನುಗ್ಗಲಿನಲ್ಲಿ ಅವಳು ಇಳಿಯಲಾಗಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು ಅವಳು ನಡೆದು ಬರುವವರೆಗೆ ಮಗು ಅಮ್ಮಾ ಎಂದು ಅತ್ತಿತು. ನಾನೋ, ಹೊತ್ತಾಯಿತೆಂದು ಗಡಿಯಾರ ನೋಡುತ್ತ ಆ ಮಗುವನ್ನೇ ಗದರಿದೆ. ಮೂವತ್ತು ವರ್ಷಗಳಲ್ಲಿ ನಾನು ಅದನ್ನು ಮರೆತೇಬಿಟ್ಟಿದ್ದೆ. ಅವಳು ಮರೆತಿರಲಿಲ್ಲ.

ಹಾಳೆಯನ್ನು ಹರಿದು ಹಾಕಿದೆ. ಮತ್ತೊಂದು ಪಟ್ಟಿ ಮಾಡಲು ಎಲ್ಲರನ್ನೂ ಕೂರಿಸಿಕೊಂಡು, ಒಬ್ಬೊಬ್ಬರಿಗೂ ಏನು ಬೇಕೆಂದು ಕೇಳಿದೆ. ಮೊಮ್ಮಗನಿಗೆ ನೆಲದಡಿಯಲ್ಲಿ ಓಡುವ ರೈಲು ಬೇಕು. ಮೊಮ್ಮಗಳಿಗೆ ಯಂತ್ರಗಳ ಮ್ಯೂಸಿಯಂ ಬೇಕು. ಮಗಳಿಗೆ ಪುಸ್ತಕದ ಅಂಗಡಿ. ಹೆಂಡತಿಯನ್ನು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇರೆಯವರು ಮಾಡಿ ಬಡಿಸಿದ್ದನ್ನು ಬಿಸಿಯಾಗಿ ತಿನ್ನಬೇಕು" ಎಂದಳು. ಮದುವೆಯಾಗಿ ನಲವತ್ತೊಂದು ವರ್ಷವಾದ ಮೇಲೆ ಈ ಪ್ರಶ್ನೆಯನ್ನು ಮೊದಲ ಬಾರಿಗೆ ಕೇಳಿದವನೆಂಬ ನಾಚಿಕೆ ನನಗಾಯಿತು.

ಆದ್ದರಿಂದ ಈ ಸಲ ಸ್ಥಳಗಳಿಂದ ಆರಂಭಿಸದೆ ಊಟದಿಂದ ಆರಂಭಿಸಿದೆವು. ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫನ್ ರೂಮ್ಸ್ 1924ರಲ್ಲಿ ಆರಂಭವಾದದ್ದು. ಯುದ್ಧಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡಿದವರು ತಾವೇ ಎಂದು ಅವರು ಹೇಳಿಕೊಳ್ಳುತ್ತಾರೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಸುತ್ತಲ ವಿದ್ಯಾರ್ಥಿಗಳಿಗಾಗಿ ಹುಟ್ಟಿ, ಕಾಲಕ್ರಮದಲ್ಲಿ ಸಾಹಿತಿಗಳ ನೆಲೆಯೂ ಆಯಿತು. ಮೊದಲನೆಯದಕ್ಕೆ ಸೋಮವಾರ ರಜೆ, ಎರಡನೆಯದಕ್ಕೆ ಶುಕ್ರವಾರ ರಜೆ. ಶನಿವಾರ ಭಾನುವಾರಗಳಲ್ಲಿ ಎರಡು ಕಡೆಯೂ ಬಾಗಿಲಲ್ಲಿ ಜನಜಂಗುಳಿ. ಉಳಿದದ್ದು ಮಂಗಳವಾರ, ಬುಧವಾರ, ಗುರುವಾರ. ಹೀಗೆ ನಮ್ಮ ಪ್ರಯಾಣಕ್ಕೆ ಮುಹೂರ್ತವಿಟ್ಟದ್ದು ಪಂಚಾಂಗವಲ್ಲ, ಎರಡು ಹೋಟೆಲುಗಳು. ಎರಡಕ್ಕೂ ದೂರವಲ್ಲದ ಬಸವನಗುಡಿಯಲ್ಲಿ ಒಂದು ವಸತಿಗೃಹವನ್ನು ಗೊತ್ತುಮಾಡಿದೆವು. ಬಾಡಿಗೆಯಲ್ಲಿ ಇನ್ನೂರು ರೂಪಾಯಿ ಉಳಿಸಲು ಊರ ಹೊರಗೆ ಇಳಿದುಕೊಂಡರೆ ಅದರ ಇಮ್ಮಡಿ ಆಟೋರಿಕ್ಷಾಕ್ಕೆ ತೆರಬೇಕು. ಮಧ್ಯಾಹ್ನ ಕಾಲು ಚಾಚಲು ಕೋಣೆ ಹತ್ತಿರವಿರುವುದೇ ಹೆಚ್ಚಿನ ಲಾಭ.

ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮಾರ್ಗವಾಗಿ ಬೆಂಗಳೂರಿಗೆ ರೈಲು ಓಡತೊಡಗಿದ್ದು 2017ರಲ್ಲಿ. ಅದರಲ್ಲಿ ಯಶವಂತಪುರಕ್ಕೆ ಹೋಗಿ ಇಳಿದರೆ ಹತ್ತಿರದಲ್ಲಿಯೇ ನಮ್ಮ ಮೆಟ್ರೋದ ಹಸಿರು ಮಾರ್ಗದ ನಿಲ್ದಾಣ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಮೊದಲಾದ ಈ ಮೆಟ್ರೋಗೆ ನೇರಳೆ, ಹಸಿರು ಮಾರ್ಗಗಳ ಜೊತೆಗೆ 2025ರ ಆಗಸ್ಟಿನಲ್ಲಿ ಹಳದಿಯೂ ಸೇರಿತು. ಕಚೇರಿಯ ಹೊತ್ತು ಕಳೆದ ಮೇಲೆ ಹತ್ತಿದರೆ ಕುಳಿತುಕೊಳ್ಳಲು ಜಾಗ ಸಿಗುತ್ತದೆ. ನಿಲ್ದಾಣಗಳಲ್ಲಿ ಲಿಫ್ಟ್ ಇರುವುದರಿಂದ ಮೊಣಕಾಲಿನವರು ಹೆದರಬೇಕಾಗಿಲ್ಲ. ಗುಂಡನೆಯ ಟೋಕನ್ನನ್ನು ಮುಟ್ಟಿಸಿದೊಡನೆ ಬಾಗಿಲು ತೆರೆಯುವುದೂ, ಹೊರಬರುವಾಗ ಯಂತ್ರ ಅದನ್ನು ನುಂಗಿಕೊಳ್ಳುವುದೂ ಮೊಮ್ಮಗನಿಗೆ ಅರಮನೆಗಿಂತ ದೊಡ್ಡ ಅಚ್ಚರಿ. ಒಂದು ನಿಲ್ದಾಣ ಬಂದಾಗ 'ಮಹಾಕವಿ ಕುವೆಂಪು ರಸ್ತೆ' ಎಂಬ ಹೆಸರು ಕಿವಿಗೆ ಬಿತ್ತು. ಜೀವಮಾನವಿಡೀ ಆ ಕವಿಯನ್ನು ಪಾಠ ಹೇಳಿದ ನನಗೆ, ಯಾರೂ ತಲೆಯೆತ್ತದ ಆ ಬೋಗಿಯಲ್ಲಿ ಎದ್ದು ನಿಲ್ಲಬೇಕೆನಿಸಿತು. ಸಂಪಿಗೆ ರಸ್ತೆ ಕಳೆದ ಮೇಲೆ ರೈಲು ನೆಲದೊಳಕ್ಕೆ ಇಳಿಯಿತು. ಮೆಜೆಸ್ಟಿಕ್, ಚಿಕ್ಕಪೇಟೆ, ಮಾರುಕಟ್ಟೆಗಳನ್ನು ಕತ್ತಲಲ್ಲಿ ದಾಟಿ, ನ್ಯಾಷನಲ್ ಕಾಲೇಜಿನ ಬಳಿ ಬಿಸಿಲಿಗೆ ಬಂತು. ಹುಡುಗನ ಪಾಲಿನ ಪ್ರವಾಸ ಅಲ್ಲಿಗೇ ಸಾರ್ಥಕವಾಯಿತು.

ಅಂದು ಮಧ್ಯಾಹ್ನ ಮಾವಳ್ಳಿಯಲ್ಲಿ ಊಟ. ಒಂದಾದ ಮೇಲೊಂದು ಬರುತ್ತಲೇ ಇರುವ ಊಟ ಅದು; ಅವಸರದವರಿಗೆ ಹೇಳಿಸಿದ್ದಲ್ಲ. ನನ್ನಾಕೆ ಬಡಿಸುವವರಿಗೆ ಪ್ರತಿ ಸಲವೂ "ಸಾಕಪ್ಪಾ" ಎನ್ನುತ್ತ, ಎಲ್ಲವನ್ನೂ ಹಾಕಿಸಿಕೊಂಡಳು. ಸಂಜೆ ಲಾಲ್‌ಬಾಗು. ಹೈದರಾಲಿಯ ಕಾಲದಲ್ಲಿ ಆರಂಭವಾದ ತೋಟ, 1889ರ ಗಾಜಿನ ಮನೆ, ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಹೆಬ್ಬಂಡೆ. ಮಕ್ಕಳು ತಾಯಿಯೊಡನೆ ಬಂಡೆ ಏರಿದರು. ನಾವಿಬ್ಬರೂ ಕೆಳಗೆ ಬೆಂಚಿನ ಮೇಲೆ ಕುಳಿತೆವು. ನನ್ನ ಹೊಸ ಪಟ್ಟಿಯಲ್ಲಿ ಆ ಎರಡು ಗಂಟೆಗಳ ಎದುರಿಗೆ ಏನನ್ನೂ ಬರೆದಿರಲಿಲ್ಲ.

ಮರುದಿನ ಬೆಳಗಾಗುತ್ತಲೇ ವಿದ್ಯಾರ್ಥಿ ಭವನ. ಮೊಳಕೈವರೆಗೂ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಮಾಣಿಯನ್ನು ಕಂಡು ಮೊಮ್ಮಗಳು ತಿನ್ನುವುದನ್ನೇ ಮರೆತಳು. ಅಲ್ಲಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಹೋಗಿ ಮಾರ್ಗ ಬದಲಿಸಿ ಕಬ್ಬನ್ ಪಾರ್ಕಿನಲ್ಲಿ ಇಳಿದೆವು. 1962ರಲ್ಲಿ ಉದ್ಘಾಟನೆಯಾದ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಅವಳು ಒಂದೊಂದು ಯಂತ್ರದ ಮುಂದೆಯೂ ನಿಂತಳು. ಗ್ರಂಥಾಲಯವನ್ನೂ ತೋರಿಸಬೇಕೆಂಬ ಚಪಲ ನನಗಿತ್ತು. ಹೆಂಡತಿ ಕಾಲು ನೀವಿಕೊಳ್ಳುತ್ತಿದ್ದುದನ್ನು ಕಂಡು ಬಾಯಿ ಮುಚ್ಚಿಕೊಂಡೆ. ವಿಧಾನಸೌಧವನ್ನು ಎದುರು ರಸ್ತೆಯಿಂದಲೇ ನೋಡಿ ಬಸ್ಸು ಹತ್ತಿದೆವು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ನಾಡಿನ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಗುರುತಿನ ಚೀಟಿ ಕೈಯಲ್ಲಿದ್ದರಾಯಿತು. ಮೂವರು ಸ್ತ್ರೀಯರು ಶೂನ್ಯ ಟಿಕೆಟ್ಟು, ಹುಡುಗ ಅರ್ಧ, ನಾನೊಬ್ಬನೇ ಪೂರ್ತಿ! ಆದರೆ ಆ ದಿನ ನಾನು ಅದಕ್ಕಿಂತ ಮುಖ್ಯವಾದ ಒಂದನ್ನು ಮೊದಲೇ ಹೇಳಿಟ್ಟಿದ್ದೆ: ಎಲ್ಲಿ ಇಳಿಯಬೇಕು, ತಪ್ಪಿದರೆ ಎಲ್ಲಿ ನಿಂತಿರಬೇಕು ಎಂಬುದನ್ನು. ಇಳಿಯುವ ನಿಲ್ದಾಣ ಬಂದಾಗ ಮುಂದಿನ ಬಾಗಿಲಲ್ಲಿ ಹೆಂಡತಿ ಕೆಳಗಿಳಿದದ್ದನ್ನು ಕಣ್ಣಾರೆ ಕಂಡ ಮೇಲೆ ನಾನು ಇಳಿದೆ. ಮಗಳು ಅದನ್ನು ಗಮನಿಸಿದಳು. ಏನೂ ಹೇಳಲಿಲ್ಲ, ನನ್ನ ಕೈಚೀಲವನ್ನು ತೆಗೆದುಕೊಂಡಳು.

ಎಲ್ಲವೂ ನೆಟ್ಟಗಾಯಿತೆಂದಲ್ಲ. ಆ ಸಂಜೆ ಮಳೆ ಹಿಡಿದು, ಮುಕ್ಕಾಲು ಗಂಟೆ ಕಾದರೂ ಹತ್ತುವಂಥ ಬಸ್ಸು ಬರಲಿಲ್ಲ. ಹಟ ಬಿಟ್ಟು ಆಟೋ ಹಿಡಿದೆವು. ನಾಲ್ಕು ಸಲ ಬಸ್ಸು ರೈಲುಗಳಲ್ಲಿ ಉಳಿಸಿದ ಹಣವನ್ನು ಐದನೆಯ ಸಲ ಆಟೋಗೆ ಕೊಟ್ಟರೆ ವ್ರತಭಂಗವೇನೂ ಆಗುವುದಿಲ್ಲ. ಗುರುವಾರ ಗಾಂಧಿ ಬಜಾರಿನಲ್ಲಿ ಮಗಳು ಪುಸ್ತಕ ಕೊಂಡಳು. ಸಂಜೆಯ ರೈಲಿಗೆ ಮರಳಿದೆವು.

ಹದಿನಾಲ್ಕರಲ್ಲಿ ನಾವು ನೋಡಿದ್ದು ಐದೋ ಆರೋ. ಮನೆಗೆ ಬಂದ ಮೇಲೆ ಮೊಮ್ಮಗ ತನ್ನ ತಂದೆಗೆ ವರದಿ ಒಪ್ಪಿಸಿದ: "ಟೋಕನ್ ನುಂಗೋ ಬಾಗಿಲು ನೋಡಿದೆ. ದೋಸೆ ತಟ್ಟೆ ಗೋಪುರ ನೋಡಿದೆ. ಅಜ್ಜಿ ದಿನಾ ಎರಡೆರಡು ಸಲ ಕಾಫಿ ಕುಡಿದರು. ತಾತ ಒಂದು ಸಲಾನೂ ಬೈಲಿಲ್ಲ."

ವಿಧಾನಸೌಧದ ಹೆಸರು ಅವನ ಬಾಯಲ್ಲಿ ಬರಲಿಲ್ಲ. ನನಗೆ ಬೇಸರವಾಗಲಿಲ್ಲ. ಕಲ್ಲಿನ ಕಟ್ಟಡ ಎಲ್ಲಿಗೂ ಹೋಗುವುದಿಲ್ಲ. ಅವನು ದೊಡ್ಡವನಾದ ಮೇಲೆ ನೋಡಿಕೊಳ್ಳುತ್ತಾನೆ. ಕುಟುಂಬದೊಡನೆ ಊರು ನೋಡಹೊರಡುವವರು ನಡಿಗೆಯಲ್ಲಿ ಎಲ್ಲರಿಗಿಂತ ಹಿಂದಾದವರನ್ನು ಮುಂದಿಟ್ಟುಕೊಂಡು, ಹಸಿವೆಯಲ್ಲಿ ಎಲ್ಲರಿಗಿಂತ ಮುಂದಾದವರನ್ನು ನೆನಪಿಟ್ಟುಕೊಂಡು ಪಟ್ಟಿ ಮಾಡಲಿ. ಅದರಲ್ಲಿ ಒಂದೆರಡು ಗಂಟೆಗಳನ್ನು ಬರಿದಾಗಿ ಬಿಡಲಿ. ಇಷ್ಟನ್ನು ತಿಳಿಯಲು ನನಗೆ ಮೂವತ್ತು ವರ್ಷ ಹಿಡಿಯಿತು. ತಮಗೆ ಅಷ್ಟು ಕಾಲ ಹಿಡಿಯದಿರಲಿ.