ದೂರದ ಗುರು, ಹತ್ತಿರದ ಗುರು

ಮೇಡ್ಲೇರಿಯ ಕನ್ನಡ ಪಂಡಿತನೊಬ್ಬನು ಗಣಕಯಂತ್ರದ ಪಾಠವನ್ನು ಕುರಿತು ಮಾತನಾಡಹೊರಟಿದ್ದಾನೆಂದರೆ ನಿಮಗೆ ನಗೆ ಬಂದೀತು. ಬರಲಿ, ನನಗೂ ಬಂದಿತ್ತು. ಲಘು-ಗುರುಗಳ ಲೆಕ್ಕದಲ್ಲಿಯೇ ತಲೆ ನರೆಸಿಕೊಂಡ ನನ್ನಂಥವನನ್ನು ಕಂಪ್ಯೂಟರ್ ಕೊಠಡಿಯಲ್ಲಿ ಕೂರಿಸಿದ್ದಕ್ಕೆ ಕಾರಣ ಸರಳವಾದುದು. ನಮ್ಮ ಕಡೆಯ ಅನೇಕ ಪ್ರೌಢಶಾಲೆಗಳಲ್ಲಿ ಯಂತ್ರಗಳುಂಟು, ಅವುಗಳ ವಿದ್ಯೆಯನ್ನು ಕಲಿಸಬಲ್ಲ ಶಿಕ್ಷಕರಿಲ್ಲ. ಅಂಥ ಕಡೆ ಬಲ್ಲವರೊಬ್ಬರು ದೂರದ ಪಟ್ಟಣದಲ್ಲಿ ಕುಳಿತು ಅಂತರ್ಜಾಲದ ಮೂಲಕ ಪಾಠ ಹೇಳುತ್ತಾರೆ. ಇಲ್ಲಿ ಮಕ್ಕಳ ಬಳಿ ಯಾರಾದರೂ ಒಬ್ಬರು ಇರಬೇಕಾಗುತ್ತದೆ. ಆ 'ಯಾರಾದರೂ ಒಬ್ಬರು' ನಾನು.

ಕಾಣದ ಗುರುವಿನಿಂದ ಪಾಠ ಕೇಳುವುದು ನಮಗೆ ಹೊಸದಲ್ಲ. ಧಾರವಾಡದ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾದಂದಿನಿಂದ ಈ ಸೀಮೆಯ ಮನೆಗಳಿಗೆ ದೂರದ ದನಿ ಪರಿಚಿತವೇ ಆಗಿದೆ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ತಲುಪಿಸಿದರು. ನಮ್ಮ ರಾಜ್ಯದ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಡುಸ್ಯಾಟ್ ಎಂಬ ನಮ್ಮದೇ ಉಪಗ್ರಹ ಮೇಲೇರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಕಂಡವು. 2020ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯ 'ಸಂವೇದ' ಪಾಠಗಳನ್ನು ನಿಮ್ಮ ಮಕ್ಕಳೂ ನೋಡಿರಬಹುದು.

ಇವುಗಳಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು 1975ರ ಪ್ರಯೋಗದ ಒಂದು ಸಂಗತಿ. ಅಂದು ಮಕ್ಕಳಿಗೆ ಪಾಠ ಕಳುಹಿಸಿ ಸುಮ್ಮನಾಗಲಿಲ್ಲ. ಅದೇ ಉಪಗ್ರಹದ ಮೂಲಕ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ಕೊಟ್ಟರು. ದೂರದ ಗುರು ಬಂದರೂ ಹತ್ತಿರದ ಗುರುವನ್ನು ಬಿಡುವಂತಿಲ್ಲ ಎಂಬುದನ್ನು ಅವರು ಬಲ್ಲವರಾಗಿದ್ದರು. ಇದು ನನಗೆ ತಿಳಿಯಲು ಬಹಳ ಕಾಲ ಬೇಕಾಯಿತು.

ನನ್ನ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಶಾಲೆಯ ಹೆಸರು ಬೇಡ, ತಪ್ಪು ನನ್ನೊಬ್ಬನದು. ಎರಡು ವರ್ಷ ಆ ಕೊಠಡಿಯ ಕೀಲಿಕೈ ನನ್ನ ಜೇಬಿನಲ್ಲಿತ್ತು. ಯಂತ್ರ ಕೆಟ್ಟರೆ ಲೆಕ್ಕ ಕೊಡಬೇಕಾದವನು ನಾನು. ಮಕ್ಕಳು ಪ್ರಶ್ನೆ ಕೇಳಿದರೆ ಬಾಯಿ ಕಟ್ಟುವವನೂ ನಾನೇ. ಆದುದರಿಂದ ಬಾಗಿಲು ತೆಗೆಯುತ್ತಿದ್ದುದು ಕಸ ಗುಡಿಸಲು, ಸಾಹೇಬರು ಬಂದಾಗ ತೋರಿಸಲು. ಯಂತ್ರಗಳು ಕೆಡಲಿಲ್ಲವೆಂಬುದು ನಿಜ. ಕೆಟ್ಟದ್ದು ಏನೆಂಬುದನ್ನು ಮುಂದೆ ಹೇಳುತ್ತೇನೆ.

ಅಂತರ್ಜಾಲದ ಪಾಠ ಬಂದ ಮೇಲೆ ಬಾಗಿಲು ತೆಗೆಯಲೇಬೇಕಾಯಿತು. ಒಂದು ದಿನ ಪರದೆಯ ಮೇಲಿನ ಶಿಕ್ಷಕಿ ಹೇಳಿದರು: ಈ ಯಂತ್ರಕ್ಕೆ ತಿಳಿಯುವುದು ಸೊನ್ನೆ, ಒಂದು ಎಂಬ ಎರಡೇ ಗುರುತುಗಳು, ಮೂರು ಸ್ಥಾನಗಳಲ್ಲಿ ಇವೆರಡನ್ನೇ ಬದಲಿಸಿ ಬದಲಿಸಿ ಇಟ್ಟರೆ ಎಷ್ಟು ಬಗೆ ಬರೆಯಬಹುದು? ಅಷ್ಟರಲ್ಲಿ ಸಂಪರ್ಕ ಕಡಿಯಿತು. ಆಕೆಯ ಚಿತ್ರ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ಮಕ್ಕಳು ನನ್ನ ಮುಖ ನೋಡಿದರು.

ನಾನು ಬೇರೆ ದಾರಿ ಕಾಣದೆ ಸೀಮೆಸುಣ್ಣ ಹಿಡಿದೆ. ಹಿಂದಿನ ವಾರವಷ್ಟೇ ಅಕ್ಷರಗಣಗಳ ಪಾಠವಾಗಿತ್ತು. ಮೂರಕ್ಷರಕ್ಕೆ ಒಂದು ಗಣ. ಪ್ರತಿಯೊಂದು ಅಕ್ಷರವೂ ಲಘುವಾಗಿರಬೇಕು, ಇಲ್ಲವೆ ಗುರುವಾಗಿರಬೇಕು. ಹಾಗಾದರೆ ಗಣಗಳೆಷ್ಟು? 'ಯಮಾತಾರಾಜಭಾನಸಲಗಂ' ಎಂಬ ಸೂತ್ರವನ್ನು ಶಾಲೆಯಲ್ಲಿ ಉರು ಹೊಡೆದವರು ನೀವೂ ಇದ್ದೀರಿ, ಉತ್ತರ ಎಂಟು. ಪ್ರಸ್ತಾರ ಹಾಕಿ ತೋರಿಸುತ್ತಿದ್ದಂತೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ಲಘುವಿಗೆ ಸೊನ್ನೆ, ಗುರುವಿಗೆ ಒಂದು ಅಂತ ಬರೆದರೆ ಮುಗೀತಲ್ಲ!" ಎಂದಳು. ಮುಗಿಯಿತು. ನಾಲ್ಕು ಸ್ಥಾನಕ್ಕೆ ಹದಿನಾರು, ಐದಕ್ಕೆ ಮೂವತ್ತೆರಡು, ಒಂದೊಂದು ಸ್ಥಾನ ಹೆಚ್ಚಿದಂತೆಲ್ಲ ಇಮ್ಮಡಿ. ಎಂಟು ಸ್ಥಾನಕ್ಕೆ 256. ಸಂಪರ್ಕ ಮರಳಿದಾಗ ಮಕ್ಕಳು ಆ ಶಿಕ್ಷಕಿಗೇ ಪ್ರಸ್ತಾರ ಕಲಿಸುತ್ತಿದ್ದರು! ಆಕೆ ಸಂತೋಷಪಟ್ಟು ನನಗೊಂದು ಹೊಸ ಸಂಗತಿ ತಿಳಿಸಿದರು: ಯಂತ್ರದ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡ ಲಿಪಿಗೆ 128 ಮನೆಗಳಿವೆಯಂತೆ; ನಮ್ಮ 'ಕ' ಅಕ್ಷರ ಅಲ್ಲಿ 3221 ಎಂಬ ಸಂಖ್ಯೆ. ಅದನ್ನೂ ಮಕ್ಕಳು ಸೊನ್ನೆ-ಒಂದುಗಳಲ್ಲಿ ಬರೆದು ನೋಡಿದರು.

ಯಂತ್ರವನ್ನು ಬಲ್ಲವರು ಆಕೆ. ಈ ಮಕ್ಕಳು ಹೋದ ವಾರ ಏನು ಕಲಿತರೆಂಬುದನ್ನು ಬಲ್ಲವನು ನಾನು. ಎರಡೂ ಕೂಡಿದಾಗಲೇ ಪಾಠವಾಯಿತು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ದೂರದ ಶಿಕ್ಷಕರಿಗೂ ನಮ್ಮ ತರಗತಿ ನುಣ್ಣಗೇ ಕಾಣುತ್ತದೆ. ಒಂದು ಯಂತ್ರದ ಮುಂದೆ ನಾಲ್ವರು ಕುಳಿತಿದ್ದಾರೆ, ಮೌಸ್ ಮಾತ್ರ ಒಬ್ಬನೇ ಹುಡುಗನ ಕೈಯಲ್ಲಿದೆ, ಹುಡುಗಿಯರು ಬರಿದೇ ನೋಡುತ್ತಿದ್ದಾರೆ ಎಂಬುದು ಅವರಿಗೆ ಕಾಣಿಸುವುದಿಲ್ಲ. ಅದು ನನಗೆ ಕಾಣಬೇಕು. ಹತ್ತು ನಿಮಿಷಕ್ಕೊಮ್ಮೆ ಕೈ ಬದಲಾಯಿಸುವುದು ನನ್ನ ಕೆಲಸ. ತಿಳಿಯದ ಪ್ರಶ್ನೆ ಬಂದರೆ "ನನಗೆ ಗೊತ್ತಿಲ್ಲ" ಎಂದು ಹೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ, ಮುಂದಿನ ಪಾಠದಲ್ಲಿ ಕೇಳಿಸುತ್ತೇನೆ. ಈ ಎರಡು ಶಬ್ದಗಳನ್ನು ತರಗತಿಯಲ್ಲಿ ಮೊದಲ ಸಲ ಆಡಿದಾಗ ಬೆವರು ಬಂದಿತ್ತು. ಈಗ ಬರುವುದಿಲ್ಲ. ಮಕ್ಕಳು ನನ್ನನ್ನು ಕಡಿಮೆಯಾಗಿಯೇನೂ ಕಾಣಲಿಲ್ಲ. ತಾವೂ ಧೈರ್ಯವಾಗಿ ಕೇಳತೊಡಗಿದರು.

ಪಟ್ಟಣದಲ್ಲಿರುವ ನಿಮಗೂ ಒಂದು ಮಾತು. ಮುಂಬಯಿಯ ಐ.ಐ.ಟಿ. ಸಂಸ್ಥೆಯವರು 'ಸ್ಪೋಕನ್ ಟ್ಯುಟೋರಿಯಲ್' ಎಂಬ ಚಿಕ್ಕ ಚಿಕ್ಕ ಪಾಠಗಳನ್ನು ಬೆಲೆಯಿಲ್ಲದೆ ಒದಗಿಸಿದ್ದಾರೆ. ಪರದೆಯ ಮೇಲೆ ಕೆಲಸ ನಡೆಯುತ್ತಿರುತ್ತದೆ; ಅದನ್ನು ವಿವರಿಸುವ ದನಿ ಅನೇಕ ಪಾಠಗಳಲ್ಲಿ ಕನ್ನಡದ್ದು. ಸ್ವಲ್ಪ ಕೇಳಬೇಕು, ನಿಲ್ಲಿಸಬೇಕು, ತಾನೇ ಮಾಡಿ ನೋಡಬೇಕು, ಮತ್ತೆ ಕೇಳಬೇಕು. ನಿಮ್ಮ ಮಗುವಿಗೆ ಅದನ್ನು ಹಚ್ಚಿಕೊಟ್ಟು ಎದ್ದುಹೋಗಬೇಡಿರಿ. ನಿಮಗೆ ತಿಳಿಯದಿದ್ದರೂ ಪಕ್ಕದಲ್ಲಿ ಕುಳಿತು, "ಈಗ ಏನು ಮಾಡಿದೆ? ಏಕೆ ಮಾಡಿದೆ?" ಎಂದು ಕೇಳಿರಿ. ನಿಮಗೆ ಬಿಡಿಸಿ ಹೇಳುವುದರಲ್ಲಿಯೇ ಮಗುವಿಗೆ ಅರ್ಧ ಪಾಠ ತಿಳಿಯುತ್ತದೆ. ನಿಮ್ಮೂರಿನಿಂದ ಹತ್ತಿರದ ಹಳ್ಳಿಯ ಶಾಲೆಗೆ ವಾರಕ್ಕೊಂದು ಗಂಟೆ ಹೋಗಿ ಕೂರಬಲ್ಲ ನಿವೃತ್ತರು ನಿಮ್ಮಲ್ಲಿದ್ದರೆ, ಮುಖ್ಯೋಪಾಧ್ಯಾಯರನ್ನು ಕಂಡು ಮಾತನಾಡಿರಿ. ಯಂತ್ರದ ಪಾಂಡಿತ್ಯ ಬೇಕಿಲ್ಲ. ಮಕ್ಕಳ ಕಡೆಗೆ ಗಮನವಿದ್ದರೆ ಸಾಕು.

ಇನ್ನು, ಕೆಟ್ಟದ್ದು ಏನೆಂಬ ಮಾತು. ಕೊಠಡಿಗೆ ಬೀಗ ಬಿದ್ದಿದ್ದ ವರ್ಷಗಳಲ್ಲಿ ಹತ್ತನೆಯ ತರಗತಿ ಮುಗಿಸಿಹೋದ ಹುಡುಗಿಯೊಬ್ಬಳು ಒಮ್ಮೆ ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಕಾಲೇಜಿನಲ್ಲಿ ಎಲ್ಲರ ಬೆರಳೂ ಯಂತ್ರದ ಮೇಲೆ ಆಡುವಾಗ ತಾನೊಬ್ಬಳೇ ಹಿಂದೆ ನಿಂತಿರುತ್ತಿದ್ದೆನೆಂದು ನಗುತ್ತಲೇ ಹೇಳಿದಳು. ನನ್ನನ್ನು ದೂರಲಿಲ್ಲ. ಬಸ್ಸು ಹತ್ತುವಾಗ ಮಾತ್ರ ತಿರುಗಿ, "ಆ ಕೋಣೆ ಈಗ ತೆಗೆದಿರ್ತೀರೇನ್ರೀ ಸಾರ್?" ಎಂದು ಕೇಳಿದಳು.

ತೆಗೆದಿರುತ್ತೇವೆ ಎಂದೆ. ಈಗ ಆ ಕೀಲಿಕೈ ನನ್ನ ಜೇಬಿನಲ್ಲಿಲ್ಲ. ತರಗತಿಯ ಮಕ್ಕಳು ಸರದಿಯಂತೆ ಇಟ್ಟುಕೊಳ್ಳುತ್ತಾರೆ.