ಕಲ್ಲಿದ್ದಲಿನ ಒಪ್ಪಂದ

ಯೂರೋಪಿನ ಏಕತೆಯನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ದೊಡ್ಡ ಆದರ್ಶಗಳಿಂದ ಮಾತು ಪ್ರಾರಂಭಿಸುತ್ತಾರೆ. ನಾನು ಕಲ್ಲಿದ್ದಲಿನಿಂದ ಪ್ರಾರಂಭಿಸುತ್ತೇನೆ. ಆ ಏಕತೆ ಕಾರ್ಯರೂಪಕ್ಕೆ ಬಂದದ್ದು ಅಲ್ಲಿಂದಲೇ.

1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್ ಪ್ಯಾರಿಸಿನಲ್ಲಿ ಒಂದು ಹೇಳಿಕೆಯನ್ನು ಓದಿದರು. ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿಗಳ ಕಲ್ಲಿದ್ದಲು ಮತ್ತು ಉಕ್ಕಿನ ಉತ್ಪಾದನೆಯನ್ನು ಎರಡು ಸರ್ಕಾರಗಳಿಗೂ ಮೇಲಾದ ಒಂದು ಮಂಡಲಿಯ ಅಧೀನಕ್ಕೆ ಒಪ್ಪಿಸೋಣ, ಇಷ್ಟವಿದ್ದ ಇತರ ದೇಶಗಳೂ ಸೇರಲಿ ಎಂಬುದು ಅದರ ಸಾರ. ಮಹಾಯುದ್ಧ ಮುಗಿದು ಆಗ ಐದು ವರ್ಷ ಮಾತ್ರವಾಗಿತ್ತು.

ಕಲ್ಲಿದ್ದಲೇ ಏಕೆ? ಫ್ರಾನ್ಸಿನ ಲೊರೇನ್ ಪ್ರಾಂತದಲ್ಲಿ ಕಬ್ಬಿಣದ ಅದಿರು ಹೇರಳ. ಅದನ್ನು ಕರಗಿಸುವುದಕ್ಕೆ ಬೇಕಾದ ಉತ್ತಮ ಕಲ್ಲಿದ್ದಲು ಇದ್ದದ್ದು ಜರ್ಮನಿಯ ರೂರ್ ಕಣಿವೆಯಲ್ಲಿ. ಪ್ರಕೃತಿ ಜೊತೆಗಿಟ್ಟದ್ದನ್ನು ಗಡಿ ಬೇರ್ಪಡಿಸಿತ್ತು. 1871ರಲ್ಲಿ ಜರ್ಮನಿ ಲೊರೇನಿನ ಒಂದು ಭಾಗವನ್ನು ಕಿತ್ತುಕೊಂಡಿತು. 1918ರಲ್ಲಿ ಅದು ಫ್ರಾನ್ಸಿನ ಕೈಸೇರಿತು. 1923ರಲ್ಲಿ ಯುದ್ಧಪರಿಹಾರದ ಬಾಕಿಗಾಗಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆಗಳು ರೂರಿಗೆ ನುಗ್ಗಿದವು. 1940ರಲ್ಲಿ ಲೊರೇನ್ ಮತ್ತೆ ಜರ್ಮನರ ಪಾಲಾಯಿತು. ಸ್ವತಃ ಶೂಮನ್ನರೇ ಈ ಗಡಿಯ ಶಿಶು. ಲಕ್ಸೆಂಬರ್ಗಿನಲ್ಲಿ ಹುಟ್ಟಿದ ಅವರು ಜರ್ಮನ್ ಪ್ರಜೆಯಾಗಿ ಬೆಳೆದು, ಜರ್ಮನ್ ವಿಶ್ವವಿದ್ಯಾನಿಲಯಗಳಲ್ಲಿ ನ್ಯಾಯಶಾಸ್ತ್ರ ಕಲಿತು, ಮೊದಲ ಮಹಾಯುದ್ಧದ ಅನಂತರ ಫ್ರೆಂಚ್ ಪ್ರಜೆಯಾದರು. ಇಟಲಿಯ ಪ್ರಧಾನಿ ಡಿ ಗ್ಯಾಸ್ಪೆರಿ ತಮ್ಮ ಯೌವನದಲ್ಲಿ ಆಸ್ಟ್ರಿಯದ ಪ್ರಜೆಯಾಗಿ ವಿಯೆನ್ನಾದ ಸಂಸತ್ತಿನಲ್ಲಿ ಕುಳಿತಿದ್ದವರು. ಗಡಿ ತಮ್ಮನ್ನು ದಾಟಿಹೋಗುವುದನ್ನು ಕಂಡವರಿಗೆ ಅದರ ಮೇಲೆ ಅಷ್ಟೇನೂ ಭಕ್ತಿ ಉಳಿಯುವುದಿಲ್ಲವೆಂದು ತೋರುತ್ತದೆ.

ಹಾಗೆಂದು ಇದು ಬರಿಯ ಔದಾರ್ಯವಲ್ಲ. ಯೋಜನೆಯ ಹಿಂದಿದ್ದ ಜಾನ್ ಮೊನೆ ಎಂಬವರು ಬ್ರಾಂದಿ ವ್ಯಾಪಾರಿಯ ಮಗ, ಲೆಕ್ಕ ಬಲ್ಲವರು. ರೂರಿನ ಮೇಲಿನ ಮಿತ್ರರಾಷ್ಟ್ರಗಳ ಹತೋಟಿ ಸಡಿಲವಾದರೆ ಫ್ರಾನ್ಸಿನ ಉಕ್ಕಿನ ಕುಲುಮೆಗಳಿಗೆ ಕಲ್ಲಿದ್ದಲೆಲ್ಲಿಂದ ಎಂಬ ಚಿಂತೆ ಅವರಿಗಿತ್ತು. 1951ರ ಏಪ್ರಿಲ್ 18ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲೆಂಡ್ಸ್, ಲಕ್ಸೆಂಬರ್ಗ್ ಸಹಿ ಹಾಕಿದವು. ತನ್ನ ಗಣಿಗಳನ್ನು 1947ರಲ್ಲಷ್ಟೇ ರಾಷ್ಟ್ರೀಕರಿಸಿದ್ದ ಬ್ರಿಟನ್ ಹೊರಗುಳಿಯಿತು. ಅದು ಒಳಗೆ ಬಂದದ್ದು 1973ರಲ್ಲಿ, ಹೊರಟುಹೋದದ್ದು 2020ರಲ್ಲಿ. ಅದು ಬೇರೆಯೇ ಕಥೆ.

1953ರ ಫೆಬ್ರವರಿ 10ರಂದು ಆರು ದೇಶಗಳ ನಡುವೆ ಕಲ್ಲಿದ್ದಲಿಗೆ ಸಮಾನ ಮಾರುಕಟ್ಟೆ ತೆರೆಯಿತು. ಕೂಡಲೇ ಬೆಲ್ಜಿಯಂ ಸಂಕಟಕ್ಕೆ ಸಿಕ್ಕಿತು. ಅಲ್ಲಿನ ಗಣಿಗಳು ಹಳೆಯವು, ಆಳವಾದವು. ಕಲ್ಲಿದ್ದಲಿನ ಪದರಗಳು ತೆಳುವಾದವು. ತೆಗೆಯುವ ಖರ್ಚೇ ಹೆಚ್ಚು. ಆ ಗಣಿಗಳು ಒಮ್ಮೆಲೇ ಮುಚ್ಚದಂತೆ ಜರ್ಮನ್ ಮತ್ತು ಡಚ್ ಕಲ್ಲಿದ್ದಲಿನ ಮೇಲೆ ತೆರಿಗೆ ವಿಧಿಸಿ ಸಹಾಯಧನ ಕೊಟ್ಟರು. ಒಂದು ದೇಶದ ಗಣಿಯನ್ನು ಇನ್ನೊಂದು ದೇಶದ ಹಣ ಸಾಕುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಆದರೆ ಆ ಗಣಿಗಳಿಗೆ ಇಳಿಯುತ್ತಿದ್ದವರು ಯಾರು? ಬೆಲ್ಜಿಯನ್ನರಿಗೆ ಆ ಕೆಲಸ ಬೇಡವಾಗಿತ್ತು. 1946ರಲ್ಲೇ ಇಟಲಿಯೊಡನೆ ಬೇರೊಂದು ಒಪ್ಪಂದವಾಗಿತ್ತು: ಇಟಲಿ ಐವತ್ತು ಸಾವಿರ ಆಳುಗಳನ್ನು ಕಳಿಸಬೇಕು, ಬೆಲ್ಜಿಯಂ ಇಟಲಿಗೆ ಕಲ್ಲಿದ್ದಲು ಮಾರಬೇಕು. ಬಂದವರಲ್ಲಿ ಎಷ್ಟೋ ಮಂದಿ ಯುದ್ಧಕೈದಿಗಳಿಗಾಗಿ ಕಟ್ಟಿದ್ದ ಷೆಡ್ಡುಗಳಲ್ಲೇ ವಾಸಿಸಿದರು. ನನ್ನಂಥ ಸಾಹಿತ್ಯದ ವಿದ್ಯಾರ್ಥಿಗಳು ಗಣಿಗಾರರ ಬಾಳನ್ನು ಅರಿತದ್ದು 1885ರಲ್ಲಿ ಪ್ರಕಟವಾದ ಜೋಲಾನ ‘ಜರ್ಮಿನಾಲ್’ ಕಾದಂಬರಿಯಿಂದ. ಅದು ಮುಗಿದುಹೋದ ಯುಗದ ಕಥೆಯೆಂದು ತಿಳಿಯುವವರು ಮಾರ್ಸಿನೆಲ್ ಎಂಬ ಊರಿನ ಹೆಸರನ್ನು ಕೇಳಬೇಕು.

ಅದು ಬೆಲ್ಜಿಯಂನ ಷಾರ್ಲರ್ವಾ ನಗರದ ಬಳಿಯ ಊರು. 1956ರ ಆಗಸ್ಟ್ 8ರ ಬೆಳಗ್ಗೆ ಅಲ್ಲಿನ ಬ್ವಾ ದು ಕಾಜಿಯೇ ಗಣಿಯಲ್ಲಿ, 975 ಮೀಟರು ಆಳದಲ್ಲಿ, ಕಲ್ಲಿದ್ದಲಿನ ಬಂಡಿಯೊಂದು ಲಿಫ್ಟಿನೊಳಗೆ ಪೂರ್ತಿಯಾಗಿ ಸೇರಿರಲಿಲ್ಲ. ಲಿಫ್ಟು ಮೇಲೆದ್ದಿತು. ಹೊರಚಾಚಿದ್ದ ಬಂಡಿ ತೊಲೆಗೆ ಬಡಿಯಿತು; ಎಣ್ಣೆಯ ಕೊಳವೆ, ವಿದ್ಯುತ್ತಿನ ತಂತಿಗಳು ಕತ್ತರಿಸಿದವು; ಬೆಂಕಿ ಹತ್ತಿತು. ಒಳಗಿದ್ದ 275 ಜನರಲ್ಲಿ 262 ಮಂದಿ ಸತ್ತರು. ಅವರಲ್ಲಿ 136 ಮಂದಿ ಇಟಾಲಿಯನ್ನರು, 95 ಮಂದಿ ಬೆಲ್ಜಿಯನ್ನರು.

ಒಪ್ಪಂದ ಬರೆದವರು ಬೆಲೆಯನ್ನು, ಸುಂಕವನ್ನು, ಉತ್ಪಾದನೆಯನ್ನು ಸರ್ಕಾರಗಳ ಕೈಯಿಂದ ತೆಗೆದು ಮೇಲಿನ ಮಂಡಲಿಗೆ ಕೊಟ್ಟಿದ್ದರು. ಗಣಿಯೊಳಗಿನ ಸುರಕ್ಷತೆ ಮಾತ್ರ ಆಯಾ ಸರ್ಕಾರದ ಕೈಯಲ್ಲೇ ಉಳಿದಿತ್ತು. ಕಲ್ಲಿದ್ದಲು ಆರು ದೇಶಗಳ ಸ್ವತ್ತಾದ ಮೇಲೂ ಅದನ್ನು ಅಗೆಯುವವನ ಜೀವ ಆ ಲೆಕ್ಕಕ್ಕೆ ಸೇರಿರಲಿಲ್ಲವೆಂಬುದು ನನಗೆ ಅತ್ಯಂತ ಖೇದದ ವಿಷಯ. ದುರಂತದ ತರುವಾಯ ಇಟಲಿ ಬೆಲ್ಜಿಯಂ ಗಣಿಗಳಿಗೆ ಆಳುಗಳನ್ನು ಕಳಿಸುವುದನ್ನು ನಿಲ್ಲಿಸಿತು. ಆರು ದೇಶಗಳ ಸುರಕ್ಷತಾ ಸಮ್ಮೇಳನ ಸೇರಿತು. 1957ರಲ್ಲಿ ಗಣಿ ಸುರಕ್ಷತೆಗೆಂದೇ ಒಂದು ಸಮಿತಿ ಸ್ಥಾಪಿತವಾಯಿತು. ಅದೇ ವರ್ಷದ ಮಾರ್ಚಿಯಲ್ಲಿ ರೋಮಿನಲ್ಲಿ ಸಹಿಯಾದ ಆರ್ಥಿಕ ಸಮುದಾಯದ ಒಪ್ಪಂದವನ್ನು ಎಲ್ಲ ಪಠ್ಯಪುಸ್ತಕಗಳೂ ಸ್ಮರಿಸುತ್ತವೆ. ಈ ಸಮಿತಿಯ ಹೆಸರು ಅಪರೂಪಕ್ಕೆ ಕಾಣುತ್ತದೆ.

ಮರುವರ್ಷದಿಂದ ಅಗ್ಗದ ಎಣ್ಣೆ ಕಲ್ಲಿದ್ದಲನ್ನು ಮೂಲೆಗೊತ್ತತೊಡಗಿತು. 1959ರ ಫೆಬ್ರವರಿಯಲ್ಲಿ, ಗಣಿಗಳನ್ನು ಮುಚ್ಚಕೂಡದೆಂದು ಬೆಲ್ಜಿಯಂನ ಬೊರಿನಾಜ್ ಪ್ರದೇಶದ ಗಣಿಗಾರರು ಮುಷ್ಕರ ಹೂಡಿದರು. ಕೆಲಸ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಸಲು ಸಮುದಾಯವೂ ಹಣ ಕೊಟ್ಟಿತು. ಮಾರ್ಸಿನೆಲ್ ಗಣಿ 1967ರಲ್ಲಿ ಮುಚ್ಚಿತು. ಐವತ್ತು ವರ್ಷಗಳಿಗೆಂದು ಮಾಡಿಕೊಂಡಿದ್ದ ಕಲ್ಲಿದ್ದಲಿನ ಒಪ್ಪಂದದ ಅವಧಿ 2002ರ ಜುಲೈ 23ರಂದು ತೀರಿತು. ಯಾರೂ ಅದನ್ನು ನವೀಕರಿಸಲಿಲ್ಲ. ಉಳಿದಿದ್ದ ಹಣವನ್ನು ಕಲ್ಲಿದ್ದಲು ಮತ್ತು ಉಕ್ಕಿನ ಸಂಶೋಧನೆಗೆ ತೆಗೆದಿಟ್ಟರು.